ಗೋಡೆಯ ಮೇಲಿನ ಪಟ, ಬಲಿಪೀಠದ ಮುಂದಿನ ಹೆಸರು



ನವೆಂಬರ್ ತಿಂಗಳು ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಸ್ಮಶಾನದ ಹುಲ್ಲು ಕೀಳುವ, ಗೋರಿಗಳಿಗೆ ಸುಣ್ಣ ಬಳಿಯುವ ಕೆಲಸ ಆರಂಭವಾಗುತ್ತದೆ. 2ನೆಯ ತಾರೀಖು, ಮೃತ ವಿಶ್ವಾಸಿಗಳೆಲ್ಲರ ಸ್ಮರಣೆಯ ದಿನ, ಮೇಣದ ಬತ್ತಿಯನ್ನೂ ಸೇವಂತಿಗೆ ಹೂವನ್ನೂ ಹಿಡಿದು ನಮ್ಮವರ ಗೋರಿಯ ಬಳಿ ನಿಲ್ಲುತ್ತೇವೆ. ಗುರುಗಳು ಬಂದು ತೀರ್ಥ ಚಿಮುಕಿಸಿ ಪ್ರಾರ್ಥಿಸುತ್ತಾರೆ. ಮನೆಗೆ ಹಿಂದಿರುಗಿದ ಮೇಲೆ ಅನೇಕ ಕುಟುಂಬಗಳಲ್ಲಿ ಇನ್ನೊಂದು ಕೆಲಸ ತಾನಾಗಿಯೇ ನಡೆಯುತ್ತದೆ. ಟ್ರಂಕಿನ ತಳದಿಂದಲೋ ಬೀರುವಿನ ಮೇಲಿನಿಂದಲೋ ಹಳೆಯ ಆಲ್ಬಮ್ ಕೆಳಗಿಳಿಯುತ್ತದೆ.

ಕಪ್ಪು ಕಾಗದದ ಹಾಳೆಗಳು, ಫೋಟೊದ ನಾಲ್ಕು ಮೂಲೆಗೂ ಅಂಟಿಸಿದ ತ್ರಿಕೋನ, ನಡುವೆ ತೆಳುವಾದ ಬೆಣ್ಣೆ ಕಾಗದ. ಸ್ಟುಡಿಯೋದ ಚಿತ್ರ ಬಿಡಿಸಿದ ಪರದೆಯ ಮುಂದೆ ಬಿಗುಮಾನದಿಂದ ಕುಳಿತ ತಾತ. ಕುರ್ಚಿಯ ಮೇಲೆ ಕೈಯಿಟ್ಟು ನಿಂತ ಅಜ್ಜಿ. ಮೊದಲ ಪರಮಪ್ರಸಾದದ ದಿನ ಬಿಳಿಯ ಉಡುಪು ತೊಟ್ಟ ಅಕ್ಕ. ತರಗತಿಯನ್ನೂ ವರ್ಷವನ್ನೂ ಬರೆದ ಹಲಗೆಯನ್ನು ಮುಂದಿಟ್ಟುಕೊಂಡು ಕುಳಿತ ಶಾಲೆಯ ಮಕ್ಕಳು. ಕೊನೆಯಲ್ಲಿ, ತೆರೆದ ಶವಪೆಟ್ಟಿಗೆಯ ಸುತ್ತ ತಲೆಬಾಗಿ ನಿಂತ ಬಂಧುಬಳಗ. ಒಂದೊಂದು ಹಾಳೆ ತಿರುವುವಾಗಲೂ ಒಂದು ನಗು, ಒಂದು ನಿಟ್ಟುಸಿರು. ಆಮೇಲೆ ಆಲ್ಬಮ್ ಮತ್ತೆ ಬೀರು ಸೇರುತ್ತದೆ.

ಆ ನಿಟ್ಟುಸಿರಿನ ನಂತರ ಏನು? ಕ್ರೈಸ್ತ ವಿಶ್ವಾಸಿಗೆ ಅಷ್ಟೇ ಸಾಕೇ? ಈ ವಾರ ಇದನ್ನು ಕುರಿತು ಒಟ್ಟಾಗಿ ಚಿಂತಿಸೋಣ.

ಛಾಯಾಚಿತ್ರಣದ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಪ್ರಕಟಪಡಿಸಿದ್ದು 1839ರಲ್ಲಿ. ಅಲ್ಲಿಯವರೆಗೆ ಚಿತ್ರ ಬರೆಸಿಕೊಳ್ಳುವುದು ಅರಸರಿಗೂ ಶ್ರೀಮಂತರಿಗೂ ಮಾತ್ರ ಸಾಧ್ಯವಿತ್ತು. ಕೈಯಿಂದ ಬರೆದ ಚಿತ್ರಕ್ಕೂ ಫೋಟೊಗೂ ಒಂದು ಮುಖ್ಯ ವ್ಯತ್ಯಾಸವಿದೆ. ನಿಮ್ಮ ತಾಯಿಯ ಮುಖದಿಂದ ಹೊರಟ ಬೆಳಕೇ ಫಿಲ್ಮಿನ ಮೇಲೆ ಬಿದ್ದು ಅಲ್ಲಿ ಗುರುತು ಮೂಡಿಸಿದೆ. ಆದ್ದರಿಂದಲೇ ಹಳೆಯ ಫೋಟೊವನ್ನು ಹರಿಯಲು ನಮಗೆ ಕೈ ಬರುವುದಿಲ್ಲ. ಇವರು ನಿಜವಾಗಿಯೂ ಇದ್ದರು, ಈ ಜಾಗದಲ್ಲಿ ನಿಂತಿದ್ದರು ಎಂದು ಅದು ಸಾಕ್ಷಿ ಹೇಳುತ್ತದೆ. ಆದರೆ ಫೋಟೊ ಹೇಳಬಲ್ಲದ್ದು ‘ಇದ್ದರು’ ಎಂದಷ್ಟೇ. ‘ಇದ್ದಾರೆ’ ಎಂದು ಹೇಳುವುದು ನಮ್ಮ ವಿಶ್ವಾಸ. ದೇವರು ಸತ್ತವರಿಗಲ್ಲ, ಜೀವಿಸುವವರಿಗೆ ದೇವರು. ಅವರ ಮುಂದೆ ಎಲ್ಲರೂ ಜೀವಂತರೇ ಎಂದು ಪ್ರಭು ಯೇಸು ಸದ್ದುಕಾಯರಿಗೆ ಬೋಧಿಸಿದರು (ಲೂಕ 20:38). ಜೀವಂತವಾಗಿರುವವರೊಡನೆ ಸಂಬಂಧ ಮುರಿಯುವುದಿಲ್ಲ. ಅವರಿಗಾಗಿ ನಾವು ಮಾಡಬೇಕಾದದ್ದು ಇನ್ನೂ ಇದೆ.

ಹೆಸರಿಲ್ಲದ ಮುಖಗಳು

ಮನೆಭೇಟಿಗೆ ಹೋದ ಗುರುಗಳಿಗೆ ಹಿರಿಯರು ಆಲ್ಬಮ್ ತೋರಿಸುವುದುಂಟು. “ಇವರು ನಮ್ಮ ಮಾವನವರು ಫಾದರ್, ಪಕ್ಕದಲ್ಲಿರುವವರು ಅವರ ತಮ್ಮ. ಈ ತುದಿಯಲ್ಲಿ ನಿಂತಿರುವ ಹುಡುಗಿ ಯಾರೋ, ನಮ್ಮ ಅತ್ತೆಗೆ ಗೊತ್ತಿತ್ತು.” ಇಂಥ ಮಾತು ನಮ್ಮ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಅತ್ತೆ ತೀರಿಕೊಂಡ ದಿನವೇ ಆ ಹುಡುಗಿಯ ಹೆಸರೂ ಹೋಯಿತು. ಮುಖ ಮಾತ್ರ ಉಳಿಯಿತು.

ಆದಿ ಧರ್ಮಸಭೆ ಹೆಸರನ್ನು ಬಹಳ ಗಂಭೀರವಾಗಿ ಪರಿಗಣಿಸಿತ್ತು. ಪುಸ್ತಕದಂತೆ ಮಡಚುವ ಎರಡು ಹಲಗೆಗಳ ಮೇಲೆ ಜೀವಂತರ ಹಾಗೂ ಮೃತರ ಹೆಸರುಗಳನ್ನು ಬರೆದಿಟ್ಟು ಬಲಿಪೂಜೆಯ ಸಮಯದಲ್ಲಿ ಓದುವ ಪದ್ಧತಿಯಿತ್ತು. ಆಕಾರದಲ್ಲಿ ನಮ್ಮ ಆಲ್ಬಮಿನಂತೆಯೇ ಇದ್ದ ಆ ಹಲಗೆಗಳಲ್ಲಿ ಮುಖಗಳಿರಲಿಲ್ಲ, ಹೆಸರುಗಳಿದ್ದವು. ಇಂದಿಗೂ ಬಲಿಪೂಜೆಯ ಮೊದಲನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಮೃತರ ಹೆಸರುಗಳನ್ನು ನೆನೆಯಲು ಗುರುಗಳು ತುಸು ಮೌನವಾಗಿ ನಿಲ್ಲುತ್ತಾರೆ. ಆ ಮೌನ ನಿಮಗಾಗಿ ಇದೆ. ಆ ಕ್ಷಣದಲ್ಲಿ ನೀವು ಯಾರ ಹೆಸರನ್ನು ಮನಸ್ಸಿಗೆ ತಂದುಕೊಳ್ಳುತ್ತೀರಿ?

ವರ್ಷಕ್ಕೊಂದು ದಿನವನ್ನು ಎಲ್ಲ ಮೃತರಿಗಾಗಿ ಮೀಸಲಿಡುವ ಪದ್ಧತಿಗೆ ಸುಮಾರು 998ರಲ್ಲಿ ಫ್ರಾನ್ಸಿನ ಕ್ಲೂನಿ ಮಠದ ಮಠಾಧಿಪತಿ ಸಂತ ಒದಿಲೋ ನವೆಂಬರ್ 2ನ್ನು ಗೊತ್ತುಪಡಿಸಿದರು. ಅಲ್ಲಿಂದ ಅದು ಇಡೀ ಪಶ್ಚಿಮ ಧರ್ಮಸಭೆಗೆ ಹಬ್ಬಿತು. ಮೊದಲನೆಯ ಮಹಾಯುದ್ಧದಲ್ಲಿ ಲಕ್ಷಾಂತರ ಮಂದಿ ಮಡಿಯುತ್ತಿದ್ದಾಗ, 1915ರಲ್ಲಿ, ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಆ ಒಂದೇ ದಿನ ಪ್ರತಿಯೊಬ್ಬ ಗುರುವೂ ಮೂರು ಪೂಜೆಗಳನ್ನು ಅರ್ಪಿಸಲು ಅನುಮತಿ ಕೊಟ್ಟರು. ಹೆಸರು ಹೇಳಿ ನೆನೆಯಲು ಯಾರೂ ಇಲ್ಲದವರನ್ನೂ ಧರ್ಮಸಭೆ ಆ ದಿನ ನೆನೆಯುತ್ತದೆ. ತುದಿಯಲ್ಲಿ ನಿಂತ ಆ ಹುಡುಗಿಯೂ ಅದರಲ್ಲಿ ಸೇರಿದ್ದಾಳೆ.

ತಿದ್ದದ ಚಿತ್ರ

ಸತ್ತ ಎಮ್ಮೆಗೆ ಹಾಲು ಹೆಚ್ಚು ಎಂದು ಹಳ್ಳಿಯವರು ಹೇಳುತ್ತಾರೆ. ತೀರಿಹೋದವರ ವಿಷಯದಲ್ಲಿ ನಮ್ಮ ಮನಸ್ಸು ಮಾಡುವುದೂ ಇದನ್ನೇ. ಬದುಕಿದ್ದಾಗ ದಿನವೂ ಜಗಳವಾಡುತ್ತಿದ್ದ ಅಪ್ಪ, ಪಟವಾಗಿ ಗೋಡೆ ಏರಿದ ಮೇಲೆ ದೇವರಂಥ ಮನುಷ್ಯರಾಗಿಬಿಡುತ್ತಾರೆ. ಇದರಲ್ಲಿ ಪ್ರೀತಿಯಿದೆ, ನಿಜ. ಆದರೆ ಒಂದು ಅಪಾಯವೂ ಇದೆ. ದೇವರಂಥವರಿಗೆ ನಮ್ಮ ಪ್ರಾರ್ಥನೆ ಏಕೆ ಬೇಕು ಎಂದುಕೊಂಡು ನಾವು ಸುಮ್ಮನಾಗಿಬಿಡುತ್ತೇವೆ.

ಬಾಲ ಯೇಸುವಿನ ಸಂತ ತೆರೇಸಾರ ಚಿತ್ರಗಳ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ಅವರ ಅಕ್ಕ ಸೆಲೀನ್ 1894ರಲ್ಲಿ ಫ್ರಾನ್ಸಿನ ಲಿಸ್ಯೂ ನಗರದ ಕಾರ್ಮೆಲ್ ಮಠಕ್ಕೆ ಸೇರಿದಾಗ ತಮ್ಮ ಕ್ಯಾಮರಾವನ್ನೂ ಜೊತೆಗೆ ತಂದರು. ಆ ಕಾಲದ ಕ್ಯಾಮರಾ ಮುಂದೆ ಕೆಲವು ಸೆಕೆಂಡುಗಳ ಕಾಲ ಅಲುಗಾಡದೆ ಇರಬೇಕಾಗಿತ್ತು. ಹಾಗೆ ತೆಗೆದ ಚಿತ್ರಗಳು ಇಂದಿಗೂ ಇವೆ. 1897ರಲ್ಲಿ, 24ನೆಯ ವಯಸ್ಸಿನಲ್ಲಿ ತೆರೇಸಾ ತೀರಿಕೊಂಡ ಮೇಲೆ, ಈ ಮುಖ ಸಂತರ ಮುಖದಂತೆ ಇನ್ನಷ್ಟು ಮೃದುವಾಗಿರಲಿ ಎಂದು ಚಿತ್ರಗಳನ್ನು ತಿದ್ದಲಾಯಿತು. ದಶಕಗಳ ಕಾಲ ಜನರು ಕಂಡದ್ದು ಆ ತಿದ್ದಿದ ಮುಖವನ್ನು. ಮೂಲ ಚಿತ್ರಗಳು ಪ್ರಕಟವಾದದ್ದು 1961ರಲ್ಲಿ. ಅವುಗಳಲ್ಲಿ ಕಂಡದ್ದು ದೃಢವಾದ ದವಡೆಯ, ದಣಿದ ಕಣ್ಣುಗಳ, ಸತ್ಯವಂತ ಹೆಣ್ಣುಮಗಳೊಬ್ಬಳ ಮುಖ. ಭಕ್ತರ ಪ್ರೀತಿ ಇದರಿಂದ ಕುಗ್ಗಲಿಲ್ಲ. ನಮ್ಮಂತೆಯೇ ದಣಿಯುತ್ತಿದ್ದ ತೆರೇಸಾ ನಮಗೆ ಇನ್ನೂ ಹತ್ತಿರದವರಾದರು.

ತಿದ್ದದ ಚಿತ್ರವನ್ನು ಮಾತಿನಲ್ಲಿ ಬರೆದವರು ಸಂತ ಅಗಸ್ಟೀನರು. ತಮ್ಮ ‘ನಿವೇದನೆಗಳು’ ಗ್ರಂಥದ ಒಂಬತ್ತನೆಯ ಭಾಗದಲ್ಲಿ ತಂದೆತಾಯಿಯನ್ನು ನೆನೆಯುತ್ತಾ ಅವರು ಏನನ್ನೂ ಮುಚ್ಚಿಡುವುದಿಲ್ಲ. ತಾಯಿ ಮೋನಿಕಾ ಬಾಲ್ಯದಲ್ಲಿ ದ್ರಾಕ್ಷಾರಸವನ್ನು ಕದ್ದು ಕುಡಿಯುವ ಚಟಕ್ಕೆ ಬಿದ್ದಿದ್ದನ್ನು ಹೇಳುತ್ತಾರೆ. ತಂದೆ ಪತ್ರೀಸಿಯರ ಮುಂಗೋಪವನ್ನೂ ಅವರು ಪತ್ನಿಗೆ ನಿಷ್ಠರಾಗಿರದಿದ್ದುದನ್ನೂ ಹೇಳುತ್ತಾರೆ. ಇಷ್ಟೆಲ್ಲ ಹೇಳಿದ ಮೇಲೆ, ಈ ಪುಸ್ತಕ ಓದುವವರೆಲ್ಲರೂ ತಮ್ಮ ತಂದೆತಾಯಿಯನ್ನು ಬಲಿಪೀಠದ ಬಳಿ ನೆನೆಯಬೇಕೆಂದು ಬೇಡಿಕೊಳ್ಳುತ್ತಾರೆ. ಮೋನಿಕಾ ಅವರೇ ಬಯಸಿದ್ದು ಅದನ್ನು. 387ರಲ್ಲಿ ಊರಿಗೆ ಮರಳುವ ದಾರಿಯಲ್ಲಿ, ರೋಮ್ ಬಳಿಯ ಒಸ್ತಿಯಾ ಬಂದರಿನಲ್ಲಿ ಅವರು ಮರಣಶಯ್ಯೆ ಹಿಡಿದರು. ಗಂಡನ ಪಕ್ಕದಲ್ಲೇ ತಮ್ಮನ್ನು ಹೂಳಬೇಕೆಂದು ಊರಿನಲ್ಲಿ ಗೋರಿಯನ್ನೂ ಸಿದ್ಧಮಾಡಿಸಿಟ್ಟಿದ್ದವರು ಅವರು. ಆದರೂ ಕೊನೆಗೆ, ದೇಹವನ್ನು ಎಲ್ಲಿ ಬೇಕಾದರೂ ಹೂಳಿ, ಪ್ರಭುವಿನ ಬಲಿಪೀಠದ ಬಳಿ ನನ್ನನ್ನು ನೆನೆಯಿರಿ, ಅಷ್ಟು ಸಾಕು ಎಂದರು.

ಹಳೆಯ ಒಡಂಬಡಿಕೆಯಲ್ಲೂ ಇದೇ ಪಾಠವಿದೆ. ಯುದ್ಧದಲ್ಲಿ ಮಡಿದ ಸೈನಿಕರ ಅಂಗಿಯೊಳಗೆ ವಿಗ್ರಹಗಳ ತಾಯಿತಗಳು ಸಿಕ್ಕಿದವು. ದಳಪತಿ ಯೂದ ಮಕ್ಕಬಿಯ ಅವರನ್ನು ಶಪಿಸಿ ಬಿಟ್ಟುಬಿಡಲಿಲ್ಲ. ಎರಡು ಸಾವಿರ ಬೆಳ್ಳಿಯ ನಾಣ್ಯಗಳನ್ನು ಸಂಗ್ರಹಿಸಿ, ಅವರ ಪಾಪಪರಿಹಾರದ ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದನು (2 ಮಕ್ಕಬಿಯರು 12:38-45). ಮಡಿದವರಲ್ಲಿ ದೋಷವಿತ್ತು, ಆದ್ದರಿಂದಲೇ ಪ್ರಾರ್ಥನೆ ಅಗತ್ಯವಾಯಿತು. ನಮ್ಮ ಹಿರಿಯರು ‘ಉತ್ತರಿಸುವ ಸ್ಥಳ’ ಎಂದು ಕರೆಯುತ್ತಿದ್ದ ಶುದ್ಧೀಕರಣದ ಸತ್ಯದ ತಿರುಳು ಇದೇ. ದೇವರ ಸ್ನೇಹದಲ್ಲಿ ಮರಣ ಹೊಂದಿದವರಿಗೂ ಇನ್ನೂ ಶುದ್ಧಿ ಬೇಕಾಗಿರಬಹುದು. ಅದಕ್ಕೆ ನಮ್ಮ ಪ್ರೀತಿ ನೆರವಾಗಬಲ್ಲದು.

ಪೆಟ್ಟಿಗೆಯ ತಳದ ಫೋಟೊ

ಕೆಲವು ಫೋಟೊಗಳು ಗೋಡೆಯ ಮೇಲೂ ಇರುವುದಿಲ್ಲ, ಆಲ್ಬಮಿನಲ್ಲೂ ಇರುವುದಿಲ್ಲ. ಆಸ್ತಿಯ ಜಗಳದಲ್ಲಿ ಮಾತು ಬಿಟ್ಟು ಹಾಗೆಯೇ ತೀರಿಹೋದ ಅಣ್ಣ. ಮನೆಯವರ ಮಾತು ಮೀರಿ ಮದುವೆಯಾಗಿ ದೂರವಾದ ತಂಗಿ. ಕುಡಿತದಿಂದ ಮನೆಯನ್ನು ಹಾಳುಮಾಡಿದ ಚಿಕ್ಕಪ್ಪ. ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ ಮಗ. ಇವರ ಚಿತ್ರಗಳು ಬಟ್ಟೆಯ ಗಂಟಿನೊಳಗೆ, ಪೆಟ್ಟಿಗೆಯ ತಳದಲ್ಲಿ ಮಲಗಿರುತ್ತವೆ. ಗುಂಪಿನ ಚಿತ್ರವಾದರೆ ಒಂದು ಮುಖದ ಜಾಗವನ್ನು ಕತ್ತರಿಸಿ ತೆಗೆದಿರುವುದೂ ಉಂಟು.

ಪ್ರಾಣ ಕಳೆದುಕೊಂಡವರ ಬಗ್ಗೆ ಒಂದು ಮಾತು ಸ್ಪಷ್ಟವಾಗಿರಲಿ. 1917ರ ಧರ್ಮಸಭೆಯ ಕಾನೂನು ಬುದ್ಧಿಪೂರ್ವಕವಾಗಿ ಆತ್ಮಹತ್ಯೆ ಮಾಡಿಕೊಂಡವರಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. 1983ರ ಕಾನೂನು ಸಂಹಿತೆಯಲ್ಲಿ ಆ ನಿಷೇಧವಿಲ್ಲ. ತೀವ್ರ ಮಾನಸಿಕ ಯಾತನೆ ಅಥವಾ ಭಯ ಅಂಥವರ ಹೊಣೆಗಾರಿಕೆಯನ್ನು ತಗ್ಗಿಸಬಲ್ಲದು, ಅವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶ ಗ್ರಂಥ ಬೋಧಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಹೀಗಿರುವಾಗ ತಾಯಿಯೊಬ್ಬಳು ತನ್ನ ಮಗನ ಫೋಟೊವನ್ನು ನಾಚಿಕೆಯಿಂದ ಏಕೆ ಬಚ್ಚಿಡಬೇಕು?

ಮಾತು ಬಿಟ್ಟು ಹೋದವರ ವಿಷಯ? ಕಾಲ ಮೀರಿತು, ಇನ್ನೇನು ಮಾಡಲು ಸಾಧ್ಯ ಎಂದು ಕೊರಗುವವರು ನಮ್ಮಲ್ಲಿ ಬಹಳ ಮಂದಿ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ನಿರೀಕ್ಷೆಯನ್ನು ಕುರಿತು 2007ರಲ್ಲಿ ಬರೆದ ವಿಶ್ವಪತ್ರದಲ್ಲಿ ಇದಕ್ಕೆ ಉತ್ತರವಿದೆ. ಪ್ರೀತಿ ಮರಣದಾಚೆಗೂ ತಲುಪಬಲ್ಲದು. ಅಗಲಿದವರಿಗೆ ಕೃತಜ್ಞತೆಯನ್ನಷ್ಟೇ ಅಲ್ಲ, ಕ್ಷಮಾಯಾಚನೆಯನ್ನೂ ಮುಟ್ಟಿಸುವ ಹಂಬಲ ಯಾರಿಗಿರುವುದಿಲ್ಲ ಎಂದು ಕೇಳುವ ಅವರು, ಇನ್ನೊಬ್ಬರ ಹೃದಯವನ್ನು ಮುಟ್ಟಲು ಎಂದೂ ತಡವಾಗುವುದಿಲ್ಲ ಎಂದು ಧೈರ್ಯ ಕೊಡುತ್ತಾರೆ. ಆದ್ದರಿಂದ, ಓದುಗರೇ, ಆ ಫೋಟೊವನ್ನು ಮೇಲೆ ತನ್ನಿ. ಮೊದಲ ದಿನ ಅದನ್ನು ಸುಮ್ಮನೆ ನೋಡಲು ಮಾತ್ರ ಸಾಧ್ಯವಾದರೆ ಅಷ್ಟೇ ಮಾಡಿ. ಕ್ಷಮಿಸುವ ಮನಸ್ಸು ಬರಲಿ ಎಂದು ಬೇಡುವುದೂ ಪ್ರಾರ್ಥನೆಯೇ.

ಶಾಲೆಯ ಗುಂಪುಚಿತ್ರ

ನಲವತ್ತು ದಾಟಿದವರೆಲ್ಲ ತಮ್ಮ ಶಾಲೆಯ ಗುಂಪುಚಿತ್ರವನ್ನು ಒಮ್ಮೆ ಹೊರತೆಗೆದು ನೋಡಲಿ. ಆ ಸಾಲಿನಲ್ಲಿ ಈಗಾಗಲೇ ಹೊರಟುಹೋದವರು ಇದ್ದೇ ಇರುತ್ತಾರೆ. ಕೆರೆಯಲ್ಲಿ ಮುಳುಗಿದವನು, ಹೆರಿಗೆಯಲ್ಲಿ ತೀರಿಕೊಂಡವಳು, ರಸ್ತೆ ಅಪಘಾತದಲ್ಲಿ ಹೋದವನು, 2020 ಮತ್ತು 2021ರ ಕೊರೋನಾ ಕಾಲದಲ್ಲಿ ಯಾರೂ ಮುಖ ನೋಡಲಾಗದೆ ಮಣ್ಣುಸೇರಿದವನು. ಬಂಧುಗಳಿಗಾದರೆ ವರ್ಷದ ಪೂಜೆ ಹೇಳಿಸುತ್ತೇವೆ. ಮರದಿಂದ ಹುಣಸೆಕಾಯಿ ಉದುರಿಸಿ ಹಂಚಿಕೊಂಡು ತಿಂದ ಗೆಳೆಯನಿಗಾಗಿ ಪೂಜೆ ಹೇಳಿಸಿದವರು ಎಷ್ಟು ಮಂದಿ?

ಅಗಸ್ಟೀನರಿಗೂ ಅಂಥ ಒಬ್ಬ ಗೆಳೆಯನಿದ್ದ. ಉತ್ತರ ಆಫ್ರಿಕದ ತಗಾಸ್ತೆ ಎಂಬ ಊರಿನಲ್ಲಿ ಜೊತೆಯಲ್ಲೇ ಬೆಳೆದು, ಜೊತೆಯಲ್ಲೇ ಓದಿ ಆಡಿದವನು. ಯೌವನದಲ್ಲೇ ಜ್ವರಕ್ಕೆ ತುತ್ತಾದ. ಅವನ ಹೆಸರನ್ನು ಅಗಸ್ಟೀನರು ಎಲ್ಲಿಯೂ ಹೇಳಿಲ್ಲ. ಹುಟ್ಟೂರೇ ಅವರಿಗೆ ಯಾತನೆಯಾಯಿತು. ಕಣ್ಣು ಎಲ್ಲೆಡೆ ಗೆಳೆಯನನ್ನು ಹುಡುಕುತ್ತಿತ್ತು, ಎಲ್ಲಿಯೂ ಕಾಣಲಿಲ್ಲ. ಕೊನೆಗೆ ಊರನ್ನೇ ಬಿಟ್ಟು ಕಾರ್ಥೇಜಿಗೆ ಹೋದರು. ವರ್ಷಗಳ ನಂತರ ಆ ದುಃಖವನ್ನು ನೆನೆದು ಅವರು ಕಂಡುಕೊಂಡ ಸತ್ಯ ಇದು: ಎಂದೂ ಕಳೆದುಹೋಗದ ದೇವರಲ್ಲಿ ಗೆಳೆಯರನ್ನು ಪ್ರೀತಿಸುವವನು ಯಾರನ್ನೂ ಕಳೆದುಕೊಳ್ಳುವುದಿಲ್ಲ.

“ನಮ್ಮ ಗುಂಪುಚಿತ್ರದಲ್ಲಿ ಹಿಂದೂಗಳು, ಮುಸಲ್ಮಾನರು ಎಲ್ಲರೂ ಇದ್ದಾರಲ್ಲ, ಅವರಿಗಾಗಿ ಪ್ರಾರ್ಥಿಸಬಹುದೇ ಫಾದರ್?” ಎಂದು ನೀವು ಕೇಳಬಹುದು. ಖಂಡಿತ ಪ್ರಾರ್ಥಿಸಬಹುದು. ಬಲಿಪೂಜೆಯ ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ಧರ್ಮಸಭೆ ಕ್ರಿಸ್ತರ ಶಾಂತಿಯಲ್ಲಿ ಅಗಲಿದವರನ್ನು ನೆನೆಯುವುದರ ಜೊತೆಗೆ, ಯಾರ ವಿಶ್ವಾಸವನ್ನು ದೇವರು ಮಾತ್ರ ಬಲ್ಲರೋ ಆ ಮೃತರೆಲ್ಲರನ್ನೂ ನೆನೆಯುತ್ತದೆ. ನಿಮ್ಮ ಬೆಂಚಿನ ಗೆಳೆಯನಿಗೂ ಅಲ್ಲಿ ಸ್ಥಳವಿದೆ.

ಪಟಕ್ಕೆ ಸಲ್ಲುವುದು, ಸಲ್ಲದಿರುವುದು

ಪಟಕ್ಕೆ ಹೂವಿನ ಹಾರ ಹಾಕುವುದು, ಅದರ ಮುಂದೆ ದೀಪ ಹಚ್ಚುವುದು ನಮ್ಮ ನಾಡಿನ ಗೌರವದ ರೀತಿ. ಚಿತ್ರಕ್ಕೆ ಸಲ್ಲಿಸಿದ ಗೌರವ ಆ ಚಿತ್ರ ಯಾರದೋ ಅವರಿಗೆ ಸೇರುತ್ತದೆ ಎಂಬುದು ಪವಿತ್ರ ಚಿತ್ರಗಳನ್ನು ಕುರಿತು 787ರ ಎರಡನೆಯ ನೈಸೀಯ ಮಹಾಸಭೆ ಕೊಟ್ಟ ಬೋಧನೆ. ನಮ್ಮ ಮೃತರ ಪಟಗಳು ಸಂತರ ಪಟಗಳಲ್ಲ, ಆದರೂ ಒಂದು ಎಚ್ಚರಿಕೆಯನ್ನು ಇದರಿಂದ ಕಲಿಯಬಹುದು. ಪಟ ಒಂದು ದಾರಿ. ದೃಷ್ಟಿ ಅಲ್ಲಿಯೇ ನಿಲ್ಲಬಾರದು. ಪಟ ಕೆಳಗೆ ಬಿದ್ದರೆ ಅಪಶಕುನವೆಂದು ಹೆದರುವುದು, ಮೃತರನ್ನು ಕರೆಸಿ ಮಾತಾಡಿಸುತ್ತೇವೆ ಎನ್ನುವವರ ಬಳಿ ಪಟ ಹಿಡಿದು ಹೋಗುವುದು ನಮ್ಮ ವಿಶ್ವಾಸಕ್ಕೆ ತಕ್ಕದ್ದಲ್ಲ.

ಹೊಸದೊಂದು ವಿಷಯವೂ ಬಂದಿದೆ. ಹಳೆಯ ಫೋಟೊದಲ್ಲಿರುವವರು ಕಣ್ಣು ಮಿಟುಕಿಸಿ ತಲೆಯಾಡಿಸುವಂತೆ ಮಾಡುವ ಕಂಪ್ಯೂಟರ್ ತಂತ್ರ 2021ರ ಸುಮಾರಿಗೆ ಬಹಳ ಪ್ರಚಾರಕ್ಕೆ ಬಂತು. ಈಗ ಅಂಥ ಚಿತ್ರಗಳಿಂದ ಮಾತನ್ನೂ ಆಡಿಸುತ್ತಾರೆ. ಕುತೂಹಲಕ್ಕೆ ನೋಡಿದರೆ ದೊಡ್ಡ ತಪ್ಪೇನಲ್ಲ. ಆದರೆ ಆ ಅಲುಗಾಟ ನಿಮ್ಮ ಅಮ್ಮನದಲ್ಲ, ಯಂತ್ರದ ಊಹೆ. ಅಮ್ಮನೊಡನೆ ನಿಮಗಿರುವ ನಿಜವಾದ ಸಂಬಂಧ ಕ್ರಿಸ್ತರ ಮೂಲಕ ಇದೆ. ‘ಸಂತರ ಅನ್ಯೋನ್ಯತೆ’ ಎಂದು ಪ್ರತಿ ಭಾನುವಾರ ವಿಶ್ವಾಸ ಪ್ರಕಟಿಸುವಾಗ ನಾವು ಒಪ್ಪಿಕೊಳ್ಳುವುದು ಅದನ್ನೇ.

ಫೋಟೊ ಇಲ್ಲದವರು

ಕೊನೆಯದಾಗಿ, ಒಂದೇ ಒಂದು ಫೋಟೊ ಕೂಡ ಇಲ್ಲದೆ ಹೋದವರು. ಫೋಟೊ ತೆಗೆಸಲು ಪೇಟೆಗೆ ಹೋಗಬೇಕಾಗಿದ್ದ ಕಾಲದಲ್ಲಿ ಕೂಲಿಯವರಿಗೆ ಆ ಭಾಗ್ಯ ಎಲ್ಲಿತ್ತು? ನಮ್ಮ ಅಜ್ಜಅಜ್ಜಿಯರಲ್ಲಿ ಎಷ್ಟೋ ಮಂದಿಯ ಮುಖ ಯಾವ ಕಾಗದದ ಮೇಲೂ ಇಲ್ಲ. ಹುಟ್ಟಿದ ಕೂಡಲೇ ತೀರಿಕೊಂಡ ಮಕ್ಕಳು, ಗರ್ಭದಲ್ಲೇ ಹೋದ ಮಕ್ಕಳು ತಾಯಿಯ ಮನಸ್ಸಿನಲ್ಲಿ ಮಾತ್ರ ಉಳಿದಿದ್ದಾರೆ. ಜ್ಞಾನಸ್ನಾನವಿಲ್ಲದೆ ಹೋದ ಅಂಥ ಕಂದಮ್ಮಗಳನ್ನು ಧರ್ಮಸಭೆ ದೇವರ ಕರುಣೆಗೆ ಒಪ್ಪಿಸಿ ಪ್ರಾರ್ಥಿಸುತ್ತದೆ. ತಾಯಿ ತನ್ನ ಮಗುವನ್ನು ಮರೆತರೂ ದೇವರು ಮರೆಯುವುದಿಲ್ಲ, ನಮ್ಮನ್ನು ತಮ್ಮ ಅಂಗೈಗಳ ಮೇಲೆ ಕೆತ್ತಿಕೊಂಡಿದ್ದಾರೆ ಎಂದು ಪ್ರವಾದಿ ಯೆಶಾಯ ಹೇಳುತ್ತಾನೆ (49:15-16). ಆ ಅಂಗೈಗಳಲ್ಲಿ ಮೊಳೆಯ ಗಾಯಗಳೂ ಇವೆ ಎಂದು ನಾವು ಬಲ್ಲೆವು. ಅಲ್ಲಿ ಯಾರ ಮುಖವೂ ಮಾಸುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಒಂದು ಭಾನುವಾರ ಸಂಜೆ ಮನೆಯವರೆಲ್ಲ ಕುಳಿತು ಆಲ್ಬಮ್ ತೆರೆಯಿರಿ. ಹಿರಿಯರು ಹೇಳಲಿ, ಮಕ್ಕಳು ಬರೆಯಲಿ. ಫೋಟೊದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಬಾಲ್ ಪೆನ್ನು ಒತ್ತಿದರೆ ಮುಂದಿನ ಚಿತ್ರದ ಮೇಲೆ ಗುರುತು ಬೀಳುತ್ತದೆ. ಕಪ್ಪು ಬಿಳುಪು ಫೋಟೊಗಳು ಬಹುಕಾಲ ಬಾಳುತ್ತವೆ, ಆದರೆ 1970-80ರ ದಶಕಗಳ ಬಣ್ಣದ ಫೋಟೊಗಳ ಬಣ್ಣ ಹಾರಿ ಕೆಂಪಾಗುತ್ತದೆ. ಅವನ್ನು ಬೇಗನೆ ಮರುಮುದ್ರಣ ಮಾಡಿಸಿ. ಅಂಟಿನ ಹಾಳೆಯ ಆಲ್ಬಮಿನಿಂದ ಬಿಡಿಸಿ ಕಾಗದದ ಲಕೋಟೆಯಲ್ಲಿಡಿ. ಮಳೆಗಾಲದ ಥಂಡಿ, ಗೆದ್ದಲು ತಾಗದಿರಲಿ. ಮೊಬೈಲಿನಲ್ಲಿರುವ ಅಗಲಿದವರ ಚಿತ್ರಗಳಲ್ಲಿ ಒಂದನ್ನಾದರೂ ಕಾಗದದ ಮೇಲೆ ತೆಗೆಸಿಡಿ. ಫೋನು ಕೆಟ್ಟ ದಿನ ಅಳುವ ಪ್ರಸಂಗ ಬರದಿರಲಿ.

ನಂತರ ಒಂದೊಂದು ದಿನ ಒಂದು ಫೋಟೊವನ್ನು ಮನೆಯ ಪೀಠದ ಬಳಿ ಇಟ್ಟು, ಆ ವ್ಯಕ್ತಿಯ ಹೆಸರು ಹೇಳಿ ಜಪಸರದ ಒಂದು ದಶಕವನ್ನು ಪ್ರಾರ್ಥಿಸಿ. ಅವರ ಹೆಸರಿನಲ್ಲಿ ಒಂದು ಪೂಜೆ ಹೇಳಿಸಿ, ಹಸಿದವರಿಗೆ ಒಂದು ಊಟ ಕೊಡಿ. ನವೆಂಬರ್ 1ರಿಂದ 8ರವರೆಗೆ ಸ್ಮಶಾನಕ್ಕೆ ಭೇಟಿ ಕೊಟ್ಟು ಮೃತರಿಗಾಗಿ ಪ್ರಾರ್ಥಿಸುವವರು, ಪಾಪನಿವೇದನೆ ಮಾಡಿ, ಪರಮಪ್ರಸಾದ ಸ್ವೀಕರಿಸಿ, ಜಗದ್ಗುರುಗಳ ಉದ್ದೇಶಕ್ಕಾಗಿ ಪ್ರಾರ್ಥಿಸಿ, ಯಾವ ಪಾಪಕ್ಕೂ ಅಂಟಿಕೊಳ್ಳದ ಮನಸ್ಸಿನಿಂದ ಇದ್ದರೆ, ಸಂಪೂರ್ಣ ದಂಡವಿಮೋಚನೆಯನ್ನು ಆ ಆತ್ಮಗಳಿಗಾಗಿ ಪಡೆಯಬಹುದು.

ಕುಟುಂಬದಲ್ಲಿ ಚಿಂತನೆಗೆ

1. ನಮ್ಮ ಮನೆಯ ಆಲ್ಬಮಿನಲ್ಲಿ ಹೆಸರು ಮರೆತುಹೋದ ಮುಖಗಳು ಎಷ್ಟಿವೆ? ಅವರನ್ನು ಬಲ್ಲವರು ಇನ್ನೂ ಯಾರಿದ್ದಾರೆ?
2. ನಾವು ಬಚ್ಚಿಟ್ಟಿರುವ ಫೋಟೊ ಯಾವುದು? ಏಕೆ ಬಚ್ಚಿಟ್ಟಿದ್ದೇವೆ?
3. ತೀರಿಹೋದ ಬಾಲ್ಯದ ಗೆಳೆಯ ಅಥವಾ ಗೆಳತಿಗಾಗಿ ಈ ತಿಂಗಳು ನಾನು ಏನು ಮಾಡುವೆ?

ಪ್ರಾರ್ಥನೆ

ಕರುಣಾಮಯ ತಂದೆಯೇ, ಈ ಚಿತ್ರದಲ್ಲಿರುವವರನ್ನು ನೀವು ನಮಗಿಂತ ಮೊದಲೇ ಬಲ್ಲಿರಿ, ನಮಗಿಂತ ಹೆಚ್ಚಾಗಿ ಪ್ರೀತಿಸಿದಿರಿ. ಅವರು ನಮಗೆ ಮಾಡಿದ ಒಳಿತಿಗಾಗಿ ನಿಮಗೆ ವಂದನೆ. ಅವರಿಂದ ನಮಗಾದ ನೋವನ್ನು ನಾವು ಕ್ಷಮಿಸುವಂತೆ ಮಾಡಿರಿ. ನಮ್ಮಿಂದ ಅವರಿಗಾದ ನೋವನ್ನು ನೀವು ಕ್ಷಮಿಸಿರಿ. ನಾವು ಹೆಸರು ಮರೆತವರನ್ನೂ ಮುಖವನ್ನೇ ಕಾಣದವರನ್ನೂ ನೆನೆದು, ನಿಮ್ಮ ಮುಖದ ಬೆಳಕಿಗೆ ಕರೆತನ್ನಿರಿ. ನಮ್ಮ ಪ್ರಭು ಕ್ರಿಸ್ತರ ಮುಖಾಂತರ ಪ್ರಾರ್ಥಿಸುತ್ತೇವೆ. ಆಮೆನ್.